ರಿವರ್ಬ್ ಸೂಪರ್, ಅಪ್‌ಗ್ರೇಡ್ ಮಾತ್ರ ಹುಷಾರಾಗಿ ಮಾಡಿ

ಮೂರು ವರ್ಷದಿಂದ ಇದೇ ರಿವರ್ಬ್ ಪ್ಲಗಿನ್ (ಮ್ಯೂಸಿಕ್ ಸಾಫ್ಟ್‌ವೇರ್ ಒಳಗೆ ಹಾಕ್ಕೊಂಡು ದನಿಗೆ ಗುಂಗು ಕೊಡೋದು) ಬಳಸ್ತಿದೀನಿ, ಸೌಂಡ್ ಬಗ್ಗೆ ಎರಡು ಮಾತಿಲ್ಲ, ವೋಕಲ್‌ಗೆ ಹಾಕಿದ್ರೆ ಟೇಲ್, ಅಂದ್ರೆ ಕೊನೇಲಿ ಉಳಿಯೋ ಗುಂಗು, ನುಣ್ಣಗೆ ಕರಗುತ್ತೆ, ಒಂದು ಪದಾನೂ ಮುಚ್ಚಿಹೋಗಲ್ಲ. ಆದ್ರೆ ಹಳೇದು ವಿಎಸ್‌ಟಿ2 ಅನ್ನೋ ಪ್ಲಗಿನ್ ಫಾರ್ಮ್ಯಾಟ್, ಹೊಸ ವರ್ಷನ್ ಬರೀ ವಿಎಸ್‌ಟಿ3. ಈ ಹೊಸ ಫಾರ್ಮ್ಯಾಟ್ ಬಂದಿದ್ದು 2008ರಲ್ಲೇ, 2018ರಲ್ಲಿ ಈ ಫಾರ್ಮ್ಯಾಟ್‌ಗಳನ್ನ ಮಾಡಿದ ಸ್ಟೈನ್‌ಬರ್ಗ್ ವಿಎಸ್‌ಟಿ2 ಡೆವಲಪರ್ ಕಿಟ್ ಕೊಡೋದನ್ನೂ ನಿಲ್ಲಿಸ್ತು, ಸೋ ಪ್ಲಗಿನ್ ಕಂಪನಿನ ಬೈಯೋಕಾಗಲ್ಲ. ಆದ್ರೂ ಹಳೇ ವರ್ಷನ್ ತೆಗೆದು ಹೊಸದು ಹಾಕಿ, ಅರ್ಧ ಮಿಕ್ಸ್ ಆಗಿದ್ದ ಹಾಡು ಓಪನ್ ಮಾಡಿದ್ರೆ ಪ್ಲಗಿನ್ ಸಿಗ್ತಿಲ್ಲ ಅಂತ ಮೆಸೇಜ್, ಕೋರಸ್‌ಗೆ ಕೂತು ಬರೆದಿದ್ದ ಆಟೊಮೇಷನ್ (ಹಾಡಿನ ಜೊತೆ ಸೆಟ್ಟಿಂಗ್ ತಾನಾಗೇ ಬದಲಾಗೋದು) ಕೆಲಸಾನೇ ಮಾಡ್ತಿಲ್ಲ, ಎದೆ ಧಸಕ್ ಅಂತು.

ಸಪೋರ್ಟ್‌ಗೆ ಮೇಲ್ ಹಾಕ್ದೆ. ಮಾರನೇ ದಿನವೇ ಹಳೇ ಇನ್‌ಸ್ಟಾಲರ್ ಲಿಂಕ್ ಕಳಿಸಿ, ಎರಡೂ ಒಟ್ಟಿಗೆ ಇಟ್ಕೊಳ್ಳಿ ಅಂದ್ರು, ಹಾಕಿದ್ಮೇಲೆ ಎಲ್ಲ ವಾಪಸ್ ಬಂತು. ನೀವು ಅಪ್‌ಗ್ರೇಡ್ ಮಾಡೋ ಮುಂಚೆ ಹಳೇ ಇನ್‌ಸ್ಟಾಲರ್ ಎತ್ತಿಟ್ಕೊಂಡು, ಮುಖ್ಯವಾದ ಟ್ರ್ಯಾಕ್‌ಗಳನ್ನ ಎಫೆಕ್ಟ್ ಸಮೇತ ಆಡಿಯೋ ಫೈಲ್ ಆಗಿ ಬೌನ್ಸ್ ಮಾಡ್ಕೊಳ್ಳಿ ದಯವಿಟ್ಟು.