ಲಿಸ್ಬನ್ ಗುಡ್ಡಕ್ಕೆ 28ರ ಟ್ರಾಮೋ, ಲಿಫ್ಟೋ?

ಲಿಸ್ಬನ್ನಿನ ಕೆಳಪೇಟೆಯಿಂದ ಸೇಂಟ್ ಜಾರ್ಜ್ ಕೋಟೆಯ ಗುಡ್ಡವನ್ನು ಎರಡು ದಿನ ಎರಡು ಬಗೆಯಲ್ಲಿ ಹತ್ತಿದೆ. ಊರು ನೋಡಲು ಒಂದೇ ದಿನವಿದ್ದರೆ ಲಿಫ್ಟಿನಲ್ಲಿ ಹತ್ತಿ, ನಡೆದು ಇಳಿಯಿರಿ ಎಂದೇ ಹೇಳುತ್ತೇನೆ.

ಮೊದಲ ದಿನ 28ನೇ ನಂಬರಿನ ಹಳದಿ ಟ್ರಾಮ್. ಮಾರ್ತಿಮ್ ಮೊನೀಜ್ ಚೌಕದಲ್ಲಿ ಬೆಳಿಗ್ಗೆ ಹತ್ತಕ್ಕೆ ಸರತಿಯಲ್ಲಿ ನಿಂತೆ. ಹತ್ತಲು ಸಿಕ್ಕಿದ್ದು ಒಂದು ಗಂಟೆಗೂ ಹೆಚ್ಚು ಕಾದ ಮೇಲೆ. 1930ರ ದಶಕದ ಈ ಪುಟ್ಟ ಗಾಡಿ ಕಿರುಗುಟ್ಟುತ್ತಾ ತಿರುವು ಹೊಕ್ಕಾಗ ಮನೆಗಳ ಗೋಡೆ ಕೈಗೆ ತಾಗುವಷ್ಟು ಹತ್ತಿರ ಬರುತ್ತದೆ. ಆ ಎರಡು ನಿಮಿಷ ನಿಜಕ್ಕೂ ಸೊಗಸು. ಉಳಿದಂತೆ ನಾನು ಕಂಡಿದ್ದು ಮುಂದೆ ನಿಂತವರ ಬೆನ್ನು. ಈ ಟ್ರಾಮಿನಲ್ಲಿ ಜೇಬುಗಳ್ಳರ ಕಾಟ ಹೆಸರುವಾಸಿಯಾದ್ದರಿಂದ ಕೈ ಜೇಬು ಬಿಟ್ಟು ಕದಲಲಿಲ್ಲ. ಸಾಲದ್ದಕ್ಕೆ ಟ್ರಾಮ್ ಕೋಟೆಯ ಬಾಗಿಲಿಗೆ ಹೋಗುವುದಿಲ್ಲ. ಪೋರ್ತಾಸ್ ದೊ ಸೋಲ್‌ನಲ್ಲಿ ಇಳಿದು ಮತ್ತೆ ಏರು ಹತ್ತಬೇಕು.

ಮರುದಿನ ಫಂಕೇರೋಸ್ ಬೀದಿಯ ಕಟ್ಟಡವೊಂದರೊಳಗಿನ ಲಿಫ್ಟ್ ಹಿಡಿದೆ. ಅದು ಮೇಲಿನ ಮದಲೇನಾ ಬೀದಿಗೆ ಬಿಡುತ್ತದೆ. ಅಲ್ಲಿಂದ ನಾಲ್ಕು ಹೆಜ್ಜೆ ಹೋದರೆ ಸೂಪರ್ ಮಾರ್ಕೆಟ್ಟಿನ ಮೇಲಿನ ಕಾರು ನಿಲ್ದಾಣದಲ್ಲಿ ಇನ್ನೊಂದು ಲಿಫ್ಟ್. ಎರಡಕ್ಕೂ ದುಡ್ಡಿಲ್ಲ. ಊರಿನವರು ತರಕಾರಿ ಚೀಲದೊಂದಿಗೆ ಹತ್ತುವ ದಾರಿ ಇದು.

ಕೋಟೆ ನೋಡಿ ಇಳಿಯುವಾಗ ಸಾಂತಾ ಲುಝಿಯಾ ಚರ್ಚಿನ ಹೊರಗೋಡೆಯ ಮುಂದೆ ಅರ್ಧ ಗಂಟೆ ಕಳೆದೆ. ನೀಲಿ ಟೈಲ್‌ಗಳ ಮೇಲೆ ಬಿಡಿಸಿದ ನದಿದಡದ ಅರಮನೆ ಚೌಕ, 1755ರ ಭೂಕಂಪಕ್ಕೆ ಮುಂಚೆ ಇದ್ದ ಹಾಗೆ. ಇನ್ನೊಂದರಲ್ಲಿ 1147ರ ಕೋಟೆ ಮುತ್ತಿಗೆ. ತಲೆ ಹೊರಳಿಸಿದರೆ ಕೆಳಗೆ ಅದೇ ಟೇಜೊ ನದಿ. ಭೂಕಂಪದಲ್ಲಿ ಕೆಳಪೇಟೆ ನೆಲಸಮವಾದರೂ ಈ ಗುಡ್ಡದ ಇಳಿಜಾರಿನ ಹಳೆಯ ಕೇರಿ ಅಲ್ಫಾಮಾ ಬಹುಮಟ್ಟಿಗೆ ಉಳಿಯಿತು. ಅದರ ಅಂಕುಡೊಂಕು ಮೆಟ್ಟಿಲುಗಳಲ್ಲಿ ಕಾಲಿಡುವಾಗ ಇದು ನೆನಪಿನಲ್ಲಿದ್ದರೆ ನಡಿಗೆಯೇ ಬೇರೆ. ಓಣಿಯ ಅಂಗಡಿಯಲ್ಲಿ ಅಜ್ಜಿಯೊಬ್ಬರು ಆಲೂಗಡ್ಡೆಗೆ 'ಬತಾತಾ' ಎಂದು ಕೇಳಿದಾಗ ನಮ್ಮ ಮನೆಯ ಬಟಾಟೆ ಪಲ್ಯ ನೆನಪಾಗಿ ನಿಂತುಬಿಟ್ಟೆ; ಆ ಮಾತು ಹಡಗು ಹತ್ತಿ ನಮ್ಮ ಕರಾವಳಿಗೆ ಬಂದದ್ದು ಪೋರ್ಚುಗೀಸರ ಜೊತೆಗೇ.

ನಡಿಗೆಗೂ ಒಂದು ತೊಡಕಿದೆ: ಸುಣ್ಣಕಲ್ಲಿನ ನೆಲಹಾಸು ಸವೆದು ನುಣ್ಣಗಾಗಿದೆ, ಮಳೆ ಬಿದ್ದರೆ ಕಾಲು ಜಾರುತ್ತದೆ. ಹಿಡಿತವಿರುವ ಶೂ ಬೇಕೇ ಬೇಕು. ಮಂಡಿನೋವಿನವರಿಗೆ ಮಾತ್ರ ಇಳಿಯಲು ಟ್ರಾಮೇ ಸರಿ.

ಟ್ರಾಮಿನ ಆಸೆ ಬಿಡದವರು ಮುಂಜಾನೆಯೇ ಎದ್ದು, ಇನ್ನೊಂದು ತುದಿಯ ಕಾಂಪೊ ದೆ ಔರಿಕ್‌ನಲ್ಲಿ ಹತ್ತಿ ಕಿಟಕಿ ಪಕ್ಕ ಕುಳಿತುಕೊಳ್ಳಿ.