‘ಲಿನಕ್ಸ್‌ಗೂ ಆಗುತ್ತದೆ’ ಎನ್ನುವ ವೈಫೈ ಡಾಂಗಲ್: ದುಡ್ಡು ಕೊಡುವ ಮೊದಲು ಚಿಪ್ ಕೇಳಿ

ಮೈಸೂರಿನಲ್ಲಿ ಅಗ್ಗದ ಯುಎಸ್‌ಬಿ ವೈಫೈ ಡಾಂಗಲ್ (ಲ್ಯಾಪ್‌ಟಾಪಿಗೆ ಚುಚ್ಚಿ ವೈಫೈ ಪಡೆಯುವ ಪುಟ್ಟ ಸಾಧನ) ಹುಡುಕುತ್ತಿರುವ ಲಿನಕ್ಸ್ ಬಳಕೆದಾರರೇ, ಪೆಟ್ಟಿಗೆಯ ಮೇಲೆ ಲಿನಕ್ಸ್‌ನ ಗುರುತಾದ ಪೆಂಗ್ವಿನ್ ಚಿತ್ರ ಕಂಡ ತಕ್ಷಣ ಜೇಬಿಗೆ ಕೈ ಹಾಕಬೇಡಿ.

ಮಂಡ್ಯದಲ್ಲಿ ಓದುತ್ತಿರುವ ಅಕ್ಕನ ಮಗಳ ಹಳೆಯ ಲ್ಯಾಪ್‌ಟಾಪಿನಲ್ಲಿ ವೈಫೈ ಕೆಟ್ಟಿತ್ತು. ಅದರಲ್ಲಿರುವುದು ವಿಂಡೋಸ್ ಅಲ್ಲ, ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ 21. ಇಲ್ಲಿನ ಒಂದು ಅಂಗಡಿಯಲ್ಲಿ ಯಾವ ಚಿಪ್ ಎಂದು ಕೇಳಿದ್ದಕ್ಕೆ, “600 ಎಂಬಿಪಿಎಸ್ ಸಾರ್, ಚುಚ್ಚಿದರೆ ಸಾಕು, ಎಲ್ಲದಕ್ಕೂ ಆಗುತ್ತದೆ” ಎಂಬ ಉತ್ತರ ಬಂತು. ಕೇಳಿದ್ದು ಒಂದು, ಹೇಳಿದ್ದು ಇನ್ನೊಂದು. ಆ 600 ಕೂಡ ವೈಫೈನ ಎರಡು ಬ್ಯಾಂಡ್‌ಗಳ (ತರಂಗಪಟ್ಟಿಗಳ) ಪೈಕಿ 2.4 ಗಿಗಾಹರ್ಟ್ಸ್‌ನ 150ಕ್ಕೆ 5 ಗಿಗಾಹರ್ಟ್ಸ್‌ನ 433 ಸೇರಿಸಿ, ಮೇಲಕ್ಕೆ ದುಂಡು ಮಾಡಿದ ಲೆಕ್ಕ. ಇಂಥ ಡಾಂಗಲ್‌ನಲ್ಲಿ ಎರಡೂ ಒಟ್ಟಿಗೆ ಸಿಗುವುದಿಲ್ಲ.

ಕೊಂಡು ತಂದು ಚುಚ್ಚಿದಾಗ ಪರದೆಯ ಮೇಲೆ ವೈಫೈ ಬರಲಿಲ್ಲ, ಒಂದು ಸಿಡಿ ತೆರೆದುಕೊಂಡಿತು! ಒಳಗೆ ವಿಂಡೋಸ್‌ನ ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಕಡತ. ಯುಎಸ್‌ಬಿ ಪಟ್ಟಿಯಲ್ಲಿ ಅದರ ಗುರುತು 0ಬಿಡಿಎ:1ಎ2ಬಿ ಎಂದಿತ್ತು. ಇದು ಈ ಜಾತಿಯ ಡಾಂಗಲ್‌ಗಳ ವೇಷ. ಆ ‘ಸಿಡಿ’ಯನ್ನು ಎಜೆಕ್ಟ್ ಮಾಡಿದ ಮೇಲೆ ನಿಜರೂಪ ಹೊರಬಿತ್ತು: ರಿಯಲ್‌ಟೆಕ್ ಕಂಪನಿಯ 8811ಸಿಯು ಚಿಪ್. ಇದರ ಯುಎಸ್‌ಬಿ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಸೇರಿದ್ದು ಅದರ 6.2 ಆವೃತ್ತಿಯಲ್ಲಿ, ಅಂದರೆ 2023ರ ಫೆಬ್ರುವರಿಯಲ್ಲಿ. ಮಿಂಟ್ 21 ಬಂದದ್ದು 5.15 ಕರ್ನಲ್‌ನೊಂದಿಗೆ. ಹಳೆಯದಾದ ಅದರಲ್ಲಿ ಈ ಡ್ರೈವರ್ ಇಲ್ಲ. ಹೊರಗಿನಿಂದ ಡ್ರೈವರ್ ತಂದು ಕಂಪೈಲ್ ಮಾಡಬೇಕು, ಅಂದರೆ ಆ ಕರ್ನಲ್‌ಗೆ ಹೊಂದುವಂತೆ ಕಟ್ಟಿಕೊಳ್ಳಬೇಕು. ಅದನ್ನು ತರಲು ಇಂಟರ್ನೆಟ್ ಬೇಕು!

ಹಿಂದಿರುಗಿಸಲು ಹೋದರೆ “ವಿಂಡೋಸ್‌ನಲ್ಲಿ ನಡೆಯುತ್ತಿದೆಯಲ್ಲ” ಎಂದು ವಾದ. ಕೊನೆಗೆ ಅಂಗಡಿಯ ಹುಡುಗನೇ ಬೇರೆ ದುಡ್ಡು ತೆಗೆದುಕೊಂಡು ಡ್ರೈವರ್ ಹಾಕಿಕೊಟ್ಟ. ನಂಬಿಕೆಯ ಡಿಜಿಟಲ್ ಸಹಿ ಇಲ್ಲದ ಡ್ರೈವರನ್ನು ಸೆಕ್ಯೂರ್ ಬೂಟ್ ಎಂಬ ಕಾವಲು ವ್ಯವಸ್ಥೆ ಒಪ್ಪುವುದಿಲ್ಲವೆಂದು, ಒಂದು ಮಾತೂ ಹೇಳದೆ ಬಯಾಸ್‌ನಲ್ಲಿ (ಲ್ಯಾಪ್‌ಟಾಪ್ ಶುರುವಾಗುವಾಗಿನ ಮೂಲ ಸೆಟ್ಟಿಂಗ್) ಆ ಕಾವಲನ್ನೇ ಆಫ್ ಮಾಡಿಬಿಟ್ಟಿದ್ದ. ನನಗೆ ಹೆಚ್ಚು ಸಿಟ್ಟು ಬಂದದ್ದು ಇದಕ್ಕೆ. ಕರ್ನಲ್ ಬದಲಾದಾಗ ಡ್ರೈವರನ್ನು ತಾನಾಗಿ ಮತ್ತೆ ಕಟ್ಟುವ ಡಿಕೆಎಂಎಸ್ ವ್ಯವಸ್ಥೆಗೂ ಅದನ್ನು ಸೇರಿಸಿರಲಿಲ್ಲ. ಮುಂದಿನ ಅಪ್‌ಡೇಟ್ ಆದ ಸಂಜೆಯೇ ಮಂಡ್ಯದಿಂದ ಫೋನ್: “ಮಾವ, ವೈಫೈ ಮತ್ತೆ ಹೋಯಿತು.”

ಕೊಳ್ಳುವವರು ಚಿಪ್ಪಿನ ಸಂಖ್ಯೆ ಹೇಳಿಸಿಕೊಳ್ಳಿ. ಮೀಡಿಯಾಟೆಕ್‌ನ ಎಂಟಿ7601ಯು 2015ರ 4.2 ಕರ್ನಲ್‌ನಿಂದಲೇ ಒಳಗಿದೆ, 2.4 ಗಿಗಾಹರ್ಟ್ಸ್ ಮಾತ್ರ, ಆದರೆ ತಂಟೆಯಿಲ್ಲ. ಎರಡೂ ಬ್ಯಾಂಡ್ ಬೇಕಿದ್ದರೆ ಎಂಟಿ7610ಯು ಅಥವಾ ಎಂಟಿ7612ಯು, ಇವುಗಳಿಗೆ 4.19ರಿಂದ ಬೆಂಬಲವಿದೆ. ಹಳೆಯದಾದರೂ ಅಥೆರೋಸ್‌ನ ಎಆರ್9271 ನನಗೆ ಅಚ್ಚುಮೆಚ್ಚು, ಚಿಪ್ಪಿನೊಳಗೆ ನಡೆಯುವ ಅದರ ತಂತ್ರಾಂಶ (ಫರ್ಮ್‌ವೇರ್) ಕೂಡ ಮುಕ್ತ. ಮಾದರಿಯ ಹೆಸರನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಅದೇ ಹೆಸರು, ಅದೇ ಪೆಟ್ಟಿಗೆ ಇದ್ದರೂ ವರ್ಷನ್ 1ರಲ್ಲಿ ಒಂದು ಚಿಪ್, ವರ್ಷನ್ 2ರಲ್ಲಿ ಇನ್ನೊಂದು ಇರುವುದುಂಟು. ಡಾಂಗಲ್‌ನ ಬೆನ್ನಿನ ಚೀಟಿಯಲ್ಲಿ ವರ್ಷನ್ ಸಣ್ಣ ಅಕ್ಷರದಲ್ಲಿರುತ್ತದೆ, ಮೊಬೈಲ್ ಕ್ಯಾಮೆರಾದಲ್ಲಿ ಹಿಗ್ಗಿಸಿ ನೋಡಿ. ಅಂಗಡಿಯಲ್ಲೇ ನಿಮ್ಮ ಲ್ಯಾಪ್‌ಟಾಪಿಗೆ ಚುಚ್ಚಿ ನೋಡಲು ಬಿಡದಿದ್ದರೆ ಎದ್ದು ಬನ್ನಿ.

ಒಳಗೆ ಕೂರಿಸುವ ಕಾರ್ಡಿನಲ್ಲೂ ಒಂದು ಬಲೆಯಿದೆ. ಇಂಟೆಲ್ ಎಎಕ್ಸ್201 ಅಗ್ಗಕ್ಕೆ ಸಿಗುತ್ತದೆಂದು ಹಳೆಯ ಲ್ಯಾಪ್‌ಟಾಪಿಗೆ ಹಾಕಬೇಡಿ. ವೈಫೈನ ಅರ್ಧ ಭಾಗವನ್ನು ಚಿಪ್‌ಸೆಟ್ಟಿನ ಒಳಗೇ ಇಟ್ಟುಕೊಂಡ ಇಂಟೆಲ್ ಯಂತ್ರಗಳಲ್ಲಿ ಮಾತ್ರ ಅದು ನಡೆಯುತ್ತದೆ. ಎಎಕ್ಸ್200ಕ್ಕೆ ಆ ಕಟ್ಟಿಲ್ಲ. ಕೆಲವು ಹಳೆಯ ಲ್ಯಾಪ್‌ಟಾಪುಗಳ ಬಯಾಸ್ ತನ್ನ ಪಟ್ಟಿಯಲ್ಲಿಲ್ಲದ ಕಾರ್ಡನ್ನು ಕಂಡರೆ ಬೂಟ್ ಆಗಲೂ ಒಪ್ಪುವುದಿಲ್ಲ, ಅದನ್ನೂ ವಿಚಾರಿಸಿಕೊಳ್ಳಿ.

ಸರಿಯಾದ ಡಾಂಗಲ್ ಸಿಗುವವರೆಗೆ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿ. ಲಿನಕ್ಸ್ ಅದನ್ನು ತಂತಿಯ ನೆಟ್‌ವರ್ಕ್ ಎಂದೇ ಗುರುತಿಸುತ್ತದೆ. ಫೋನ್ ವೈಫೈನಲ್ಲಿದ್ದರೆ ಸಾಮಾನ್ಯವಾಗಿ ಆ ವೈಫೈಯೇ ಲ್ಯಾಪ್‌ಟಾಪಿಗೂ ಹರಿಯುತ್ತದೆ, ಮೊಬೈಲ್ ಡೇಟಾ ಖರ್ಚಾಗುವುದಿಲ್ಲ.