ಸ್ವಿಫ್ಟ್‌ಗೆ 16 ಇಂಚಿನ ಅಲಾಯ್: ಎರಡು ವರ್ಷ ಓಡಿಸಿದ ಮೇಲೆ

ನನ್ನದು 2018ರ ಪೆಟ್ರೋಲ್ ಸ್ವಿಫ್ಟ್, ಕಂಪನಿ ಲೆಕ್ಕದಲ್ಲಿ ಇಂಜಿನ್ ಶಕ್ತಿ 83 ಪಿಎಸ್ (ಎಚ್‌ಪಿ ಅಂತೀವಲ್ಲ, ಹೆಚ್ಚುಕಡಿಮೆ ಅಷ್ಟೇ). ಜೊತೆಗೆ ಬಂದಿದ್ದು 185/65 ಆರ್15 ಟೈರು, ಅಂದರೆ ಅಗಲ 185 ಮಿ.ಮೀ., ಗೋಡೆಯ ಎತ್ತರ ಅದರ ಶೇ. 65, ರಿಮ್ 15 ಇಂಚು. ಮೈಸೂರಿನಲ್ಲೇ 16 ಇಂಚಿನ ಅಲಾಯ್ ತಗೊಂಡು 195/55 ಟೈರು ಹಾಕಿಸಿದೆ.

ಅಂಗಡಿಯವರು "205/55 ಹಾಕ್ಸಿ ಸಾರ್, ಗಾಡಿ ತುಂಬಿಕೊಂಡು ಕಾಣುತ್ತೆ" ಅಂದರು. ನಾನು ಒಪ್ಪಲಿಲ್ಲ. 195/55ರಲ್ಲಿ ಚಕ್ರದ ಒಟ್ಟು ವ್ಯಾಸ ಸುಮಾರು 621 ಮಿ.ಮೀ., ಹಳೇದೂ ಅಷ್ಟೇ. 205/55 ಆದರೆ 632 ಆಗುತ್ತೆ. ಎಲ್ಲ ಗೇರಲ್ಲೂ ಎಳೆತ ಶೇ. 1.7ರಷ್ಟು ಕಡಿಮೆ, ಓಡಿದ ಕಿಲೋಮೀಟರನ್ನೂ ಮೀಟರು ಅಷ್ಟು ಕಡಿಮೆ ತೋರಿಸುತ್ತೆ. ಟೈರ್ ಬದಲಿಸಿ ಮೈಲೇಜ್ ಬಿತ್ತು ಅನ್ನುವವರು ಮೊದಲು ಈ ಲೆಕ್ಕ ನೋಡಬೇಕು.

ಎಲ್ಲರೂ ಕೇಳೋದು ಒಂದೇ, ಪವರ್ ಬಿತ್ತಾ? ಇಂಜಿನ್ ಪವರ್ ಚೂರೂ ಬದಲಾಗಲ್ಲ. ಆದರೆ ಡೈನೊ, ಅಂದರೆ ಗಾಡಿಯನ್ನು ರೋಲರ್ ಮೇಲೆ ಓಡಿಸಿ ಪವರ್ ನೋಡೋ ಯಂತ್ರ, ಅಳೆಯೋದು ಚಕ್ರ ದಾಟಿ ರೋಲರ್‌ಗೆ ತಲುಪಿದ ಶಕ್ತಿಯನ್ನು. ವೇಗ ಏರುತ್ತಿರುವಾಗ ಚಕ್ರವನ್ನೇ ಇನ್ನಷ್ಟು ಜೋರಾಗಿ ತಿರುಗಿಸೋಕೆ ಒಂದಿಷ್ಟು ಶಕ್ತಿ ಖರ್ಚಾಗುತ್ತೆ. ತೂಕ ರಿಮ್ಮಿನ ಅಂಚಿಗೆ ಸರಿದಷ್ಟೂ ಆ ಖರ್ಚು ಜಾಸ್ತಿ. ದೂರ ಎರಡು ಪಟ್ಟಾದರೆ ಖರ್ಚು ನಾಲ್ಕು ಪಟ್ಟು. ತಕ್ಕಡಿಗೆ ಹಾಕಿ ನೋಡಿದಾಗ ನನ್ನ ಹೊಸ ಚಕ್ರ ಒಂದೊಂದೂ ಎರಡೂವರೆ ಕೆಜಿ ಹೆಚ್ಚಿತ್ತು. ಬೆಂಗಳೂರಲ್ಲಿ ಎರಡೂ ಸೆಟ್ ಹಾಕಿ, ಒಂದೇ ಗೇರಲ್ಲಿ ಡೈನೊ ಮಾಡಿಸಿದೆ. ವ್ಯತ್ಯಾಸ ಒಂದು ಪಿಎಸ್ ಆಸುಪಾಸು. ಅದೇ ಚಕ್ರದಲ್ಲಿ ಎರಡು ಸಲ ಓಡಿಸಿದರೂ, ಗಾಡಿಯನ್ನು ಕಟ್ಟಿ ಬಿಗಿದ ಬೆಲ್ಟು, ಟೈರಿನ ಗಾಳಿ, ಇಂಜಿನ್ನಿನ ಬಿಸಿ ಅಂತ ಅಷ್ಟು ಆಚೀಚೆ ಆಗೇ ಆಗುತ್ತೆ. ವೇಗ ಒಂದೇ ಸಮ ಹಿಡಿದು ಅಳೆದರೆ ಈ ತೂಕದ ಖರ್ಚು ಕಾಣೋದೇ ಇಲ್ಲ. "ಅಲಾಯ್ ಹಾಕಿಸಿ ಹತ್ತು ಎಚ್‌ಪಿ ಹೋಯ್ತು" ಅನ್ನೋ ಮಾತನ್ನು ನಾನಂತೂ ನಂಬಲ್ಲ. ಮೈಸೂರು ಇರೋದೇ ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿ. ಟರ್ಬೊ ಇಲ್ಲದ ಇಂಜಿನ್ ಇಲ್ಲಿನ ತೆಳು ಗಾಳಿಗೆ ಕಳ್ಕೊಳ್ಳೋದು ಡೈನೊದಲ್ಲಿ ಕಂಡ ಆ ಒಂದು ಪಿಎಸ್‌ಗಿಂತ ಎಷ್ಟೋ ಹೆಚ್ಚು.

ಚಾಮುಂಡಿ ಬೆಟ್ಟಕ್ಕೆ ನಾಲ್ಕು ಜನ ಕೂತು ಹತ್ತುವಾಗ ಮಾತ್ರ ಗೊತ್ತಾಗುತ್ತೆ. ತಿರುವು ಮುಗಿಸಿ ಎರಡನೇ ಗೇರಲ್ಲಿ ಆಕ್ಸಿಲರೇಟರ್ ಒತ್ತಿದರೆ ಗಾಡಿ ಒಂದು ಕ್ಷಣ ತಡೆದು ಏಳುತ್ತೆ. ಅದೇ ತಿರುವಲ್ಲಿ ಹಿಡಿತ ಮಾತ್ರ ಭೇಷ್, ಸ್ಟೀರಿಂಗ್ ಹೇಳಿದ ಕಡೆ ತಿರುಗುತ್ತೆ. ಎಕ್ಸ್‌ಪ್ರೆಸ್‌ವೇಲಿ ಮಂಡ್ಯ ದಾಟಿ 100ರಲ್ಲಿ ಹೋಗುವಾಗ ಎಳೆತದಲ್ಲಿ ಏನೂ ವ್ಯತ್ಯಾಸ ಇಲ್ಲ.

ನನಗೆ ನಿಜವಾಗಿ ಬೇಸರ ತಂದಿದ್ದು ಟೈರಿನ ಗೋಡೆ. 120 ಮಿ.ಮೀ. ಇದ್ದದ್ದು 107ಕ್ಕೆ ಇಳಿದಿದೆ. ಕಬ್ಬಿನ ಲೋಡು ಓಡಾಡಿ ಕಿತ್ತುಹೋದ ಪಾಂಡವಪುರದ ಒಳರಸ್ತೆಯಲ್ಲಿ ಗುಂಡಿಗೆ ಇಳಿದು ಎಡ ಮುಂದಿನ ರಿಮ್ ಬೆಂಡಾಯ್ತು. 80 ದಾಟಿದರೆ ಸ್ಟೀರಿಂಗ್ ನಡುಗೋದು. ಬೆಂಡ್ ತೆಗೆಸಿ ಬ್ಯಾಲೆನ್ಸಿಂಗ್ ಮಾಡಿಸಿದ ಮೇಲೆ ಸರಿಹೋಯ್ತು.

ತಗೊಳ್ಳೋರು ಡಿಸೈನ್ ನೋಡೋ ಮೊದಲು ರಿಮ್ಮಿನ ತೂಕ ಕೇಳಿ. ಹೇಳದಿದ್ದರೆ ಅಲ್ಲೇ ತೂಗಿಸಿ. ಸ್ಟೆಪ್ನಿ ನಾನು ಹಳೇ 15 ಇಂಚಿನದ್ದೇ ಇಟ್ಟಿದ್ದೇನೆ, ವ್ಯಾಸ ಒಂದೇ ಇರೋದರಿಂದ ಪಂಕ್ಚರ್ ಅಂಗಡಿವರೆಗೆ ನಿಧಾನಕ್ಕೆ ಹೋಗೋಕೆ ತೊಂದರೆ ಆಗಿಲ್ಲ.